ಬಾರದ ಪೆಟ್ಟು

ಅಣವೀರ ಚಹಾದ ಗ್ಲಾಸನ್ನು ಕುಡಿಯಲು ಹಿಡಿದಿರಲಿಲ್ಲ. ಬಲಗೈಯ ಬೆರಳುಗಳನ್ನು ಅದಕ್ಕೆ ಸುತ್ತಿಕೊಂಡು ಕೂತಿದ್ದ. ಗ್ಲಾಸು ಸುಡುತ್ತಿರುವುದು ಹೆಬ್ಬೆರಳಿಗೆ ಗೊತ್ತಾಗುತ್ತಿತ್ತು. ನಡುಬೆರಳಿಗೂ ಉಂಗುರದ ಬೆರಳಿಗೂ ಗೊತ್ತಾಗುತ್ತಿರಲಿಲ್ಲ.

ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಫರಸಿಕಲ್ಲು ಪಾಲಿಶ್ ಮಾಡುವ ಮಷೀನು ಹಿಡಿದು ಹಿಡಿದು ಆ ಎರಡು ಬೆರಳು ಆಗಾಗ ಬೆಳ್ಳಗಾಗಿ ಮರಗಟ್ಟುತ್ತಿದ್ದವು. ಹೆಂಡತಿಗೆ ಹೇಳಿದ್ದ, ಬ್ಯಾಂಡಿನವರಿಗೆ ಹೇಳಿರಲಿಲ್ಲ. ಹಗಲೆಲ್ಲ ಕಲ್ಲಿನ ಧೂಳು ಕುಡಿಯುವ ಅವನಿಗೆ ತನ್ನದು ಅಂತ ಇದ್ದದ್ದು ಢೋಲಕ್ ಒಂದೇ. ಅದೂ ಹೋದರೆ ಉಳಿಯುವುದು ಮಷೀನು.

ಆ ಸಂಜೆ ವಾಡಿಯಲ್ಲಿ ನಿವೃತ್ತನಾಗುತ್ತಿದ್ದ ರೈಲ್ವೆ ನೌಕರನೊಬ್ಬನ ಬೀಳ್ಕೊಡುಗೆ. ಬ್ಯಾಂಡು ಅಂದರೆ ಮೂವರೇ. ಹಾಡುವವಳು ಸುಶ್ಮಿತಾ, ಚಿತ್ತಾಪುರದಲ್ಲಿ ಟೀಚರ್. ಕೀಬೋರ್ಡ್ ತಾಹಿರ್‌ನದು, ಅವನಿಗೆ ಮೊಬೈಲ್ ರಿಪೇರಿ ಅಂಗಡಿ. ಮೂವರು ಆರು ಜನರಂತೆ ಕೇಳಿಸಲು ಕಾರಣ ತಾಹಿರ್‌ನ ಕಾಲಬುಡದ ಲೂಪರ್. ಆ ಡಬ್ಬಿಯನ್ನು ಕಾಲಲ್ಲಿ ಒತ್ತಿದರೆ ನುಡಿಸಿದ್ದನ್ನು ಹಿಡಿದುಕೊಳ್ಳುತ್ತದೆ. ಮತ್ತೆ ಒತ್ತಿದ ಮೇಲೆ ಅದನ್ನೇ ತಿರುತಿರುಗಿ ನುಡಿಸುತ್ತದೆ. ಮೊದಲು ಢೋಲಕ್, ಅದರ ಮೇಲೆ ಕೀಬೋರ್ಡ್, ಅದರ ಮೇಲೆ ಸುಶ್ಮಿತಾಳ ಆಲಾಪ. ಪದರದ ಮೇಲೆ ಪದರ.

ಬೆರಳು ಕೈಕೊಟ್ಟ ಮೇಲೆ ಅಣವೀರ ಬದುಕಿದ್ದೇ ಅದರಿಂದ. ಆರಂಭದ ಎರಡು ಸುತ್ತು ಚೊಕ್ಕವಾಗಿ ಬಾರಿಸಿದರೆ ಉಳಿದ ಹಾಡನ್ನು ಡಬ್ಬಿ ಹೊರುತ್ತಿತ್ತು. ಅವನು ಮೇಲೆ ಮೇಲೆ ಕೈಯಾಡಿಸುತ್ತಿದ್ದ. ಆ ಎರಡು ಸುತ್ತಿನ ಹೊತ್ತು ಬೆರಳು ಬಿಸಿ ಇರಬೇಕು, ಅಷ್ಟೆ.

"ಕಾಕಾ, ಗ್ಲಾಸಿಗ್ ಮುದ್ದು ಮಾಡ್ಲಿಕತ್ತೀರೇನು? ಚಹಾ ಆರಿ ಹೋಗ್ತದ," ಎಂದ ತಾಹಿರ್.

"ನನ್ ಚಹಾದ್ ಕಾಳಜಿ ನಿನಗ್ಯಾಕೋ? ನಿನ್ ವಾಯರ್ ನೋಡ್ಕೊ."

ವೇದಿಕೆಯಲ್ಲಿ ಇವರನ್ನು ಕೂರಿಸಿ, ಢೋಲಕ್ ಎದುರು ಮೈಕು ಇಟ್ಟ ಮೇಲೂ ಭಾಷಣ ಮುಗಿಯಲಿಲ್ಲ. ಮಾತಾಡುವವರು ನೌಕರನ ಒಂದೊಂದೇ ವರ್ಗಾವಣೆ ನೆನೆಯುತ್ತಿದ್ದರು. ತಲೆಯ ಮೇಲೆ ಫ್ಯಾನು ಜೋರಾಗಿ ತಿರುಗುತ್ತಿತ್ತು. ಅಣವೀರ ಕೈಯನ್ನು ತೊಡೆಯ ಕೆಳಗೆ ಒತ್ತಿಕೊಂಡ. ಹಾಡು ಶುರುವಾಗುವ ಹೊತ್ತಿಗೆ ಎರಡೂ ಬೆರಳು ಸುಣ್ಣದ ಬಣ್ಣಕ್ಕೆ ತಿರುಗಿದ್ದವು.

ತಾಹಿರ್ ಪೆಡಲ್ ಒತ್ತಿದ. ಮೊದಲ ಸುತ್ತು ಸರಿಯಾಯಿತು. ಎರಡನೆಯದರ ತುದಿಯಲ್ಲಿ ಆ ಎರಡು ಬೆರಳು ಕೊಡಬೇಕಿದ್ದ ಗಟ್ಟಿ ಪೆಟ್ಟು ಬರಲಿಲ್ಲ. ಬೆರಳು ಹೋದದ್ದು ಕಣ್ಣಿಗೆ ಕಂಡಿತು, ಸದ್ದಾಗಲಿಲ್ಲ. ಅಷ್ಟರಲ್ಲಿ ತಾಹಿರ್‌ನ ಕಾಲು ಮತ್ತೆ ಒತ್ತಿಯಾಗಿತ್ತು.

ಈಗ ಆ ತೂತು ಪ್ರತಿ ಸುತ್ತಿಗೂ ಬರತೊಡಗಿತು. ಬರುವ ಹೊತ್ತು ಅಣವೀರನಿಗೆ ಗೊತ್ತು, ಮುಚ್ಚಲು ಮಾತ್ರ ಕೈಯಿಲ್ಲ. ಎಡಗೈಯಲ್ಲಿ ಬಡಿದ, ದಪ್ಪ ಸದ್ದು ಬಂದು ಇನ್ನೂ ಕೆಟ್ಟಿತು. ಅಂಗೈಯಿಂದ ಬಡಿದ, ತಡವಾಯಿತು. ಮುಂದಿನ ಸಾಲಿನಲ್ಲಿ ತೊಡೆ ತಟ್ಟುತ್ತಿದ್ದ ಮುದುಕರೊಬ್ಬರ ಕೈ ಅಲ್ಲಿಗೆ ಬಂದಾಗೆಲ್ಲ ಗಾಳಿಯಲ್ಲೇ ನಿಲ್ಲುತ್ತಿತ್ತು. ಸುಶ್ಮಿತಾಳೂ ಅಲ್ಲೇ ಒಮ್ಮೆ ಎಡವಿ ಸಾವರಿಸಿಕೊಂಡಳು.

"ಅಳಸೋ," ಎಂದ ಅಣವೀರ ಹಲ್ಲು ಕಚ್ಚಿ.

"ಬುಡದ್ ಪದರ ಅದ ಕಾಕಾ. ಅದು ತೆಗದ್ರ ಎಲ್ಲಾ ಹೋಗ್ತದ."

ಹಾಡು ಮುಗಿಯುವವರೆಗೂ ಅವನ ಸತ್ತ ಬೆರಳು ಊರಿಗೆಲ್ಲ ಕೇಳಿಸಿತು.

ಆಮೇಲೆ ಹಾರ ಹಾಕುವ ಗದ್ದಲ. ಸುಶ್ಮಿತಾ ಮುಂದಿನ ಹಾಡಿನ ಸಾಲುಗಳನ್ನು ನೋಡಿಕೊಳ್ಳುತ್ತಾ ಮೈಕಿನ ಹತ್ತಿರವೇ ಉಳಿದಳು. ತಾಹಿರ್ ಪಕ್ಕಕ್ಕೆ ಬಂದು ಕುಕ್ಕರುಗಾಲಲ್ಲಿ ಕೂತ.

"ಎಷ್ಟ್ ದಿನದಿಂದ ಹಿಂಗ?"

"ಏನು ಹಿಂಗ? ಫ್ಯಾನಿನ್ ಥಂಡಿಗೆ..."

"ನನಗ ಸುಳ್ಳ್ ಹೇಳಬ್ಯಾಡ್ರಿ ಕಾಕಾ. ಚಿಂಚೋಳಿ ಕಾರ್ಯಕ್ರಮದಾಗೇ ಗೊತ್ತಾಗ್ಯಾದ. ನಮ್ ಕೊನೀ ಹಾಡು ಅದ ನೋಡ್ರಿ, ಅದಕ್ಕ ಹ್ವಾದ್ ವರ್ಷ ಸೇಡಂದಾಗ ನೀವು ಬಾರ್ಸಿದ್ದು ಡಬ್ಬಿಯೊಳಗ ಸೇವ್ ಮಾಡಿಟ್ಟೀನಿ. ಖರೇ ಹೇಳ್ತೀನಿ, ಭಾಳ ಛಲೋ ಅದ. ಅದನ್ನೇ ಬಿಡ್ತೀನಿ. ನೀವು ಸುಮ್ ಕುಂತು ಕೈ ಆಡಸ್ರಿ."

"ನಾ ಬಾರ್ಸಲಾರದೇನೇ?"

"ನಿಮ್ ಕೈಯೇ ಅಲ್ಲೇನ್ರಿ ಅದು? ಬ್ಯಾರೆಯವರದ್ ಹಾಕ್ಲಿಕತ್ತೀನೇನು?"

"ಮತ್ ಒಂದ್ ಸಲ ಬಾರಸ್ತೀನಿ, ಬಿಸಿ ನೀರು ತರಸು" ಅನ್ನಬೇಕೆಂದುಕೊಂಡ ಅಣವೀರ. ಅಷ್ಟರಲ್ಲಿ ಸುಶ್ಮಿತಾ ಕೂಗಿದಳು: "ಅಣ್ಣಾ, ಕೊನೀದು! ತಯಾರಿದ್ದೀರಿಲ್ಲೋ?"

ಹಾಡು ಮತ್ತೆ ಹಾಳಾದರೆ ಮುಂದಿನ ಸಲ ಈ ಜಾಗದಲ್ಲಿ ಬೇರೆ ಯಾರೋ ಕೂತಿರುತ್ತಾರೆ. ಅವನು ತಾಹಿರ್‌ಗೆ ತಲೆಯಾಡಿಸಿದ.

ಡಬ್ಬಿಯೊಳಗಿಂದ ಢೋಲಕ್ ಶುರುವಾಯಿತು. ಅವನದೇ ಕೈ. ಸುತ್ತಿನ ಕೊನೆಯ ಪೆಟ್ಟು ಗಂಟೆ ಹೊಡೆದ ಹಾಗೆ ಟಣ್ಣನೆ ಬಂತು. ಎದುರಿನ ಮುದುಕರ ಕೈ ಈಗ ಎಲ್ಲೂ ನಿಲ್ಲಲಿಲ್ಲ. "ಕ್ಯಾ ಬಾತ್!" ಅಂತ ಯಾರೋ ಕೂಗಿದರು. ಸುಶ್ಮಿತಾ ಹಾಡುತ್ತಲೇ ತಿರುಗಿ ಅವನತ್ತ ನಕ್ಕಳು.

ಅಣವೀರ ಬೆರಳು ಚರ್ಮಕ್ಕೆ ತಗಲದಂತೆ ಎಚ್ಚರದಿಂದ ಕೈಯಾಡಿಸುತ್ತಿದ್ದ. ಈವರೆಗೆ ಪೆಟ್ಟು ತಪ್ಪೀತೆಂದು ಹೆದರುತ್ತಿದ್ದವನು ಈಗ ಬಿದ್ದೀತೆಂದು ಹೆದರುತ್ತಿದ್ದ. ಸುತ್ತು ಬಂತು, ಹೋಯಿತು, ಮತ್ತೆ ಬಂತು. ನಾಲ್ಕನೆಯದೋ ಐದನೆಯದೋ ಬಂದಾಗ ತಡೆಯಲಾಗಲಿಲ್ಲ; ಇದ್ದಬದ್ದ ಶಕ್ತಿಯೆಲ್ಲ ಹಾಕಿ ತಾಳ ಬಿಟ್ಟು ಬಡಿದ. ತೊಡೆಯ ಮೇಲೆ ಢೋಲಕ್ ನಡುಗಿತು.

ಯಾರೂ ತಿರುಗಲಿಲ್ಲ. ಢೋಲಕ್ ಎದುರಿನ ಮೈಕಿನ ಸಣ್ಣ ದೀಪ ಆರಿತ್ತು. ಹಾಡು ಶುರುವಾಗುವ ಮುಂಚೆಯೇ ತಾಹಿರ್ ಅದನ್ನು ಬಂದ್ ಮಾಡಿದ್ದ.