ಗುರುತು ಹಾಕದ ಚೌಕ

ಬೋರಲಿಂಗಯ್ಯನವರು ಕಾಶಿಯಲ್ಲಿ ತೀರಿಕೊಂಡ ಸುದ್ದಿ ಗಡಿಯ ಆ ಮನೆಗೆ ಶನಿವಾರ ಸಂಜೆ ಮುಟ್ಟಿತು. ತಂದವನು ನಾನೇ. ಮೂರು ದಿನ ತಡವಾಗಿ ತಂದೆ.

ನಾನು ಒಂದು ಡಾಂಗಲ್. ಬೆರಳುದ್ದದ ಮೈ, ತಲೆಯ ಮೇಲೊಂದು ಪುಟ್ಟ ದೀಪ. ಹೊಟ್ಟೆಯಲ್ಲಿ ಸಿಮ್ ಇಟ್ಟು ಕಂಪ್ಯೂಟರಿಗೆ ಸಿಕ್ಕಿಸಿದರೆ ಟವರಿನ ಜೊತೆ ಮಾತಾಡಿ ಇಂಟರ್ನೆಟ್ ತಂದುಕೊಡುತ್ತೇನೆ. ಹುಟ್ಟಿದ ಕಾರ್ಖಾನೆಯ ನೆನಪೆಂದರೆ ಬೆಸುಗೆಯ ಬಿಸಿ ಮಾತ್ರ. ಮೊದಲು ಒಂದು ಕಚೇರಿಯಲ್ಲಿದ್ದೆ. ಅಲ್ಲಿ ಬೇಡವಾಗಿ ಡ್ರಾಯರಿನಲ್ಲಿ ಬಿದ್ದಿದ್ದಾಗ ಐಟಿಐ ಮೇಷ್ಟ್ರು ಬೋರಲಿಂಗಯ್ಯ ಎತ್ತಿಕೊಂಡರು. ಹಳೆಯ ಕಂಪ್ಯೂಟರೊಂದನ್ನು ರಿಪೇರಿ ಮಾಡಿ, ಲಿನಕ್ಸ್ ತಂತ್ರಾಂಶ ಹಾಕಿ, ನನ್ನನ್ನೂ ಸಿಕ್ಕಿಸಿ, ಬೆಟ್ಟದಾಚೆ ಒಂಟಿಯಾಗಿದ್ದ ತಂಗಿ ಸಣ್ಣತಾಯಮ್ಮನಿಗೆ ಕೊಟ್ಟರು.

ಆ ಊರಿನಲ್ಲಿ ನಮ್ಮ ಟವರಿನ ದನಿ ಸಣ್ಣದು, ಹಳ್ಳದಾಚೆಯ ತಮಿಳುನಾಡಿನ ಟವರಿನದು ದೊಡ್ಡದು. ಆಚೆಯದನ್ನು ಹಿಡಿದರೆ ರೋಮಿಂಗ್. ತಿಂಗಳ ಡೇಟಾ ನಾಲ್ಕೇ ದಿನಕ್ಕೆ ಖಾಲಿ. ಅದಕ್ಕೇ ಮೇಷ್ಟ್ರು ಕಂಪ್ಯೂಟರಿನಲ್ಲಿ ‘ರೋಮಿಂಗ್‌ಗೆ ಅವಕಾಶ’ ಎಂಬ ಚೌಕದ ಗುರುತು ತೆಗೆದು, ನೋಟುಪುಸ್ತಕದಲ್ಲಿ ಬರೆದಿಟ್ಟರು: “ತಾಯಿ, ನಾನು ಹೇಳುವ ತನಕ ಈ ಚೌಕಕ್ಕೆ ಗುರುತು ಹಾಕಬೇಡ.”

ದಿನವೂ ಸಂಜೆ ನನ್ನ ಮೂಲಕ ಅಣ್ಣನ ಇ-ಮೇಲ್ ಪತ್ರ ಬರುತ್ತಿತ್ತು. ಓದಿಯೇ ಅವಳು ಮಾದಪ್ಪನ ಪಟದ ಮುಂದೆ ದೀಪ ಹಚ್ಚುತ್ತಿದ್ದಳು. ಅಣ್ಣ ಕಾಶಿಗೆ ಹೋದ ಮೇಲೂ ಅದು ತಪ್ಪಲಿಲ್ಲ. ಆ ಭಾನುವಾರದ ಪತ್ರದಲ್ಲಿ ಮಾತ್ರ, “ಸ್ವಲ್ಪ ಜ್ವರ, ಹೆದರಬೇಡ” ಎಂದಿತ್ತು.

ಸೋಮವಾರದ ಬಿರುಗಾಳಿಗೆ ನಮ್ಮ ಟವರು ಮೂಕವಾಯಿತು. ಆಚೆಯದು ನನ್ನನ್ನು ಕೂಗುತ್ತಲೇ ಇತ್ತು. ಕಿವಿಯಿತ್ತು, ಉತ್ತರಿಸುವ ಅಪ್ಪಣೆಯಿರಲಿಲ್ಲ. ಬಾಗಿಲ ಸಂದಿಯಿಂದ ಬೀದಿ ಕಾಣುತ್ತಿದ್ದರೂ ಹೊರಗಿನಿಂದ ಚಿಲಕ ಹಾಕಿದ ಮನೆಯಲ್ಲಿದ್ದಂತೆ ಇದ್ದೆ. ಅವಳಿಗಿದ್ದ ಒಂದೇ ಸಿಮ್ ನನ್ನ ಹೊಟ್ಟೆಯಲ್ಲಿತ್ತು.

ಪಕ್ಕದ ಮನೆಯ ದುಂಡಮ್ಮ ದಿನವೂ ಬಂದು ಇಣುಕುತ್ತಿದ್ದಳು.

“ಅದೊಂದು ಗುರ್ತು ಹಾಕ್ಬುಡಕ್ಕ. ಅದೇನು ಕಚ್ಚದಾ?”

“ಅಣ್ಣ ಬ್ಯಾಡ ಅಂದವ್ನೆ ಕಣೆ. ಅವನೇ ಹೇಳ್ಬೇಕು.”

“ಹೇಳಕ್ಕೆ ಆ ಕಡ್ಡಿಗೆ ಬಾಯಿ ಬ್ಯಾಡ್ವಾ? ನಿಮ್ಮಣ್ಣ ಕಾಶೀಲಿದ್ರೂ ನಿನ್ ಕೈ ಬುಟ್ಟಿಲ್ಲ ಬುಡು!”

ಸಣ್ಣತಾಯಮ್ಮ ನಕ್ಕಳು. ಆದರೆ ಒಪ್ಪೊತ್ತು ಉಂಡು, ಅಣ್ಣನ ಆಯಸ್ಸಿಗೆಂದು ಸಂಜೆ ಸಂಜೆಯೂ ಎರಡು ದೀಪ ಹಚ್ಚತೊಡಗಿದಳು.

ಶನಿವಾರ ತಾಳ್ಮೆ ಸೋತಿತು. “ಬೈದ್ರೆ ಬೈಸ್ಕೋತೀನಿ,” ಎನ್ನುತ್ತ ಚೌಕಕ್ಕೆ ಗುರುತು ಹಾಕಿದಳು. ನಾನು ಒಂದೇ ಉಸಿರಿಗೆ ಹಳ್ಳ ದಾಟಿ ಕಾದಿದ್ದ ಪತ್ರಗಳನ್ನು ತಂದೆ.

ಮಂಗಳವಾರದ್ದು ಅಣ್ಣನದು: “ತಾಯಿ, ಈಗ ಆ ಚೌಕಕ್ಕೆ ಗುರುತು ಹಾಕು. ವಿಡಿಯೊದಲ್ಲಿ ನಿನ್ನ ಮುಖ ನೋಡಬೇಕೆನಿಸಿದೆ.”

ಬುಧವಾರದ್ದು ಜೊತೆಗೆ ಹೋಗಿದ್ದ ತಿಮ್ಮಶೆಟ್ಟರದು: “ಮೇಷ್ಟ್ರು ಬೆಳಗಿನ ಜಾವ ಹೋಗಿಬಿಟ್ಟರು, ತಾಯಿ. ನಿಮ್ಮ ಮಾತಿಗಾಗಿ ಸಂಜೆಯ ತನಕ ಕಾದು, ಗಂಗೆಯ ದಡದಲ್ಲಿ ಸಂಸ್ಕಾರ ಮಾಡಿದೆವು.”

ಅವಳು ಮೊದಲು ಅಳಲಿಲ್ಲ. ದೇವರ ಪಟದ ಕಡೆ ನೋಡಿದಳು. ಸೂತಕದ ಮನೆಯಲ್ಲಿ ದೇವರ ದೀಪ ಹಚ್ಚಬಾರದು.

“ಇಲ್ದೇ ಇರೋನ ಆಯಸ್ಸಿಗೆ ದೀಪ ಹಚ್ಚಿದ್ನಲ್ಲೋ ಮಾದಪ್ಪಾ!”

ದುಂಡಮ್ಮ ಅವಳನ್ನು ತಬ್ಬಿಕೊಂಡಳು. “ಗೊತ್ತಿಲ್ದೆ ಹಚ್ಚಿದ್ದು ಕಣಕ್ಕ. ಅಣ್ಣ ಹೋಗೋ ದಾರೀಗೆ ಬೆಳಕಾಯ್ತು ಅನ್ಕೊ.”

ಆಮೇಲೆ ಅವಳು ಆ ಗುರುತನ್ನು ತೆಗೆಯಲೇ ಇಲ್ಲ. ಆದರೆ ಕಾಯುವ ಪತ್ರವೂ ಇರಲಿಲ್ಲ. ವರ್ಷಗಳು ಕಳೆದು ನನ್ನ ಕಾಲದ ಜಾಲವೇ ನಿಂತಿತು. ಈಗ ಆ ನೋಟುಪುಸ್ತಕದ ಜೊತೆ ದೇವರ ಗೂಡಿನ ತಗಡಿನ ಡಬ್ಬಿಯಲ್ಲಿದ್ದೇನೆ. ಇಲ್ಲಿ ಯಾವ ಟವರೂ ಕೂಗುವುದಿಲ್ಲ. ಸಂಜೆ ಮುಚ್ಚಳದ ಅಂಚಿನಲ್ಲಿ ದೀಪದ ಬೆಳಕು ಸುಳಿದಾಗ ಅವಳ ಜೊತೆ ನಾನೂ ಬೇಡುತ್ತೇನೆ:

ಮಾದಪ್ಪಾ, ಆ ಜೀವ ತಂಗಿಯ ಮುಖಕ್ಕಾಗಿ ಕಾದು ದಣಿದಿದೆ. ನಿನ್ನ ಬಾಗಿಲಲ್ಲಿ ಅದನ್ನು ಕಾಯಿಸಬೇಡ. ಒಳಗೆ ಕರೆದುಕೋ, ತಂಪಾಗಿಡು.