ಬೆನ್ನು ತಿರುಗಿಸಿ ನಿಂತ ಆನೆ

ನಾನೊಂದು ಮರದ ಆನೆ. ಚನ್ನಪಟ್ಟಣದಲ್ಲಿ ಹುಟ್ಟಿದವನು. ಹಾಲೆ ಮರದ ತುಂಡೊಂದು ಗರಗರ ತಿರುಗುತ್ತಿತ್ತು, ಉಳಿ ತಾಗುತ್ತಿತ್ತು, ಆಮೇಲೆ ನೋಡಿದರೆ ನಾನಿದ್ದೆ. ಬಿಸಿ ಅರಗಿನ ಬಣ್ಣ ಮೈಗೆ ಹತ್ತುವಾಗ ಅರೆನಿದ್ದೆಯಂಥ ಸುಖ. ಕೇದಗೆ ಗರಿಯಿಂದ ಉಜ್ಜಿ ಹೊಳಪು ಕೊಟ್ಟ ಹೆಂಗಸು, "ಯಾವ್ದಾದ್ರೂ ಮಗು ಕೈ ಸೇರ್ಕೊಳ್ಳಪ್ಪ" ಎಂದು ಹರಸಿದಳು. ನಾನು ಸೇರಿದ್ದು ಇತಿಹಾಸದ ಮೇಷ್ಟ್ರ ಕೈಯನ್ನು.

ಮೈಸೂರಿನ ಈ ಮಲ್ಲಾರಾಧ್ಯ ಮೇಷ್ಟ್ರಿಗೆ ಯುದ್ಧದ ಹುಚ್ಚು. ಜಿರಲೆ ಕಂಡರೆ ಮಂಚ ಹತ್ತುವ ಮನುಷ್ಯ, ಹಳೆಯ ಪಂಚೆಯೊಂದರ ಮೇಲೆ ಬಣ್ಣ ಬಳಿದು ಎಂದೋ ಮುತ್ತಿಗೆ ನಡೆದ ಕಲ್ಲೂರುಗುಡ್ಡದ ಕೋಟೆಯನ್ನೇ ಎಬ್ಬಿಸಿ ಆಟ ಮಾಡಿಬಿಟ್ಟಿದ್ದರು. ಮುತ್ತಿಗೆ ಹಾಕುವ ದಂಡಿಗೆ ಹುಣಸೆ ಬೀಜ, ದಂಡು ಎಸೆಯುವ ಬೆಂಕಿಗೆ ಕೆಂಪು ಗುಲಗಂಜಿ, ಕೋಟೆಯೊಳಗಿನ ಜನಕ್ಕೆ ಕವಡೆ. ಕೋಟೆ ಕಾಯಲು ನಾನು. ದಂಡು ಅವರದು, ಕೋಟೆ ಅವರ ಹೆಂಡತಿ ಸರ್ವಮಂಗಳಮ್ಮನದು.

ಭಾನುವಾರ ಊಟವಾದ ಮೇಲೆ ಪಂಚೆ ಹಾಸುತ್ತಿದ್ದರು. ಕಿಟಕಿಯ ಬಿಸಿಲು ಅದರ ಮೇಲೆ ಹರಿದರೆ ಹಸಿರು ಬಣ್ಣವೆಲ್ಲ ಹುಲ್ಲಾಗಿ ಅಲುಗುತ್ತಿತ್ತು. ಎಲ್ಲೋ ನಗಾರಿಯ ಸದ್ದು, ಮೂಗಿಗೆ ಹೊಗೆಯ ವಾಸನೆ. ಅಂದು ಆ ಬಯಲಲ್ಲಿ ನಿಂತಿದ್ದವನು ನಾನೇ ಏನೋ ಅನ್ನಿಸುತ್ತಿತ್ತು.

ಆ ಯುದ್ಧದಲ್ಲಿ ಆನೆ ಬೆಂಕಿಗೆ ಬೆದರಿ, ಹಿಂದಕ್ಕೋಡಿ, ತನ್ನವರನ್ನೇ ತುಳಿಯಿತಂತೆ. ಕೋಟೆ ಬಿತ್ತಂತೆ. ಮೇಷ್ಟ್ರು ಅದನ್ನೇ ನಿಯಮ ಮಾಡಿದ್ದರು: ಬೆಂಕಿ ತಗುಲಿದರೆ ಆನೆ ತನ್ನ ಬೆನ್ನಿನ ದಿಕ್ಕಿಗೆ ಓಡಬೇಕು. ಹಾಗಾಗಿ ದಂಡಿಗೆ ಮುಖ ಮಾಡಿ ನಿಂತ ನಾನು ಪ್ರತಿ ಆಟದಲ್ಲೂ ನಮ್ಮ ಕವಡೆಗಳನ್ನೇ ತುಳಿದೆ, ಪ್ರತಿ ಆಟದಲ್ಲೂ ಮಂಗಳಮ್ಮ ಸೋತರು. ನನಗೆ ಅಳು ಬರುತ್ತಿತ್ತು, ಆದರೆ ಅರಗಿನ ಕಣ್ಣಲ್ಲಿ ನೀರೆಲ್ಲಿಂದ ಬರಬೇಕು?

ಒಂದು ಭಾನುವಾರ ಮಂಗಳಮ್ಮ ನನ್ನನ್ನು ಎತ್ತಿ, ಕೋಟೆಯ ಕಡೆ ಮುಖ ಮಾಡಿ, ದಂಡಿಗೆ ಬೆನ್ನು ಕೊಟ್ಟು ನಿಲ್ಲಿಸಿದರು. ಮೇಷ್ಟ್ರು ಗಮನಿಸದೆ ಬೆಂಕಿ ಹಾಕಿದರು. ನಾನು ನಿಯಮದಂತೆ ಬೆನ್ನಿನ ದಿಕ್ಕಿಗೆ ಓಡಿದೆ. ಹುಣಸೆ ಬೀಜಗಳು ಚೆಲ್ಲಾಪಿಲ್ಲಿಯಾದವು!

"ಏನೇ ಇದು? ಶತ್ರುಗೆ ಬೆನ್ನು ಕೊಟ್ಟು ಯಾವ ಆನೆ ಯುದ್ಧಕ್ಕೆ ನಿಲ್ಲುತ್ತೆ?"

"ನಿಯಮ ನಿಮ್ದೇ ಅಲ್ವೇನ್ರಿ?"

"ಆನೆ ಶತ್ರು ಕಡೆಗೇ ಮುಖ ಮಾಡ್ಬೇಕು. ಇದೂ ನಿಯಮ."

"ಸೋಲೋದು ಮೊದ್ಲೇ ಬರ್ದಿದ್ರೆ ನನ್ನ ಯಾಕೆ ಕೂರಿಸ್ಕೋತೀರಾ? ಒಬ್ರೇ ಆಡ್ಕೊಳ್ಳಿ."

ಮಂಗಳಮ್ಮ ಎದ್ದು ಹೋದರು. ಮೇಷ್ಟ್ರು ಪಂಚೆ ಮಡಿಚಿದರು, ನಾವು ಡಬ್ಬಿ ಸೇರಿದೆವು. ಭಾನುವಾರಗಳು ಬಂದು ಹೋದವು, ಮುಚ್ಚಳ ತೆರೆಯಲಿಲ್ಲ. ಹೊರಗೆ ಲೋಟ ಇಡುವ ಸದ್ದು ಕೇಳುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಆಟ ಹೋದರೆ ಹೋಗಲಿ, ಇವರಿಬ್ಬರ ನಗುವೂ ಹೋಯಿತಲ್ಲ ಎಂದು ನನಗೆ ಭಯವಾಯಿತು.

ಕೊನೆಗೆ ಮೇಷ್ಟ್ರೇ ಪಂಚೆ ಹಾಸಿದರು. ಕೋಟೆಯ ಹಿಂಬದಿಗೆ ಹೊಸದಾಗಿ ಒಂದು ದಿಡ್ಡಿ ಬಾಗಿಲು ಬರೆದಿದ್ದರು.

"ಮಂಗಳಾ, ಕೋಟೆ ಬೀಳುತ್ತೆ. ಅದನ್ನ ನಾನು ಬದಲಾಯಿಸಲಾರೆ. ಆದ್ರೆ ಬೀಳೋದ್ರೊಳಗೆ ಅರ್ಧಕ್ಕಿಂತ ಹೆಚ್ಚು ಜನರನ್ನ ಇಲ್ಲಿಂದ ಪಾರು ಮಾಡಿದ್ರೆ ಗೆಲುವು ನಿಂದು."

"ಇದು ಚರಿತ್ರೇಲಿ ಇದ್ಯಾ?"

"ಯಾರು ತಪ್ಪಿಸ್ಕೊಂಡ್ರು ಅಂತ ಯಾರೂ ಬರ್ದಿಲ್ಲ. ಬರೀದೇ ಇರೋ ಜಾಗ ನಿನ್ಗೆ."

ಮಂಗಳಮ್ಮ ನಕ್ಕು ಸೆರಗು ಸಿಕ್ಕಿಸಿ ಕೂತರು. ಅಂದು ಕವಡೆಗಳು ದಿಡ್ಡಿ ಬಾಗಿಲು ದಾಟುತ್ತಿದ್ದರೆ, ಬೆಂಕಿ ಬೀಳುವವರೆಗೂ ನಾನು ದಂಡಿಗೆ ಅಡ್ಡ ನಿಂತಿದ್ದೆ. ಕೋಟೆ ಬಿತ್ತು, ಮಂಗಳಮ್ಮ ಗೆದ್ದರು. ಆಮೇಲೆ ಎಷ್ಟೋ ವರ್ಷ ಒಮ್ಮೆ ಇವರು, ಒಮ್ಮೆ ಅವರು.

ಈಗ ನನಗೂ ವಯಸ್ಸಾಗಿದೆ. ಒಂದು ದಂತ ಮುರಿದಿದೆ. ಮಂಗಳಮ್ಮ ಹೋದ ವರ್ಷ ತೀರಿಕೊಂಡರು. ಮೇಷ್ಟ್ರು ಪಂಚೆ ಹಾಸುವುದನ್ನು ಬಿಟ್ಟಿಲ್ಲ. ತಮ್ಮ ಸರದಿ ಆಡಿ, ಎದ್ದು ಆ ಕಡೆ ಹೋಗಿ, ಹೆಂಡತಿಯ ಸರದಿಯನ್ನೂ ತಾವೇ ಆಡುತ್ತಾರೆ.

ಮೊನ್ನೆ ಭಾನುವಾರ ಮೇಷ್ಟ್ರು ಆ ಕಡೆ ಕೂತು, ನನ್ನನ್ನು ಎತ್ತಿ ಮುರಿದ ದಂತ ಸವರಿದರು. ಆಮೇಲೆ ಕೋಟೆಯ ಕಡೆ ಮುಖ ಮಾಡಿ, ದಂಡಿಗೆ ಬೆನ್ನು ಕೊಟ್ಟು ನಿಲ್ಲಿಸಿದರು. ಈ ಕಡೆ ಬಂದು ತಾವೇ ಬೆಂಕಿ ಹಾಕಿದರು. ನಾನು ಓಡಿದೆ. ಹುಣಸೆ ಬೀಜಗಳು ಚೆಲ್ಲಾಪಿಲ್ಲಿಯಾದವು.

ಯಾವ ಚರಿತ್ರೆಯಲ್ಲೂ ಹಾಗಾಗಿಲ್ಲ. ಅದು ಅವರಿಗೂ ಗೊತ್ತು. "ನೀನೇ ಗೆದ್ದೆ ಕಣೇ" ಎಂದರು ಮೇಷ್ಟ್ರು, ಎದುರಿನ ಖಾಲಿ ಚಾಪೆಯ ಕಡೆ ನೋಡುತ್ತಾ.