ಯುಗಾದಿಯ ವೀಳ್ಯ

“ಅಯ್ಯಯ್ಯೋ ಅಮ್ಮಾರೇ, ಬೇಗ ಬನ್ನಿ! ತೋಟದ ತಲೇನೇ ಬೋಳಿಸ್ಬಿಟ್ಲು ಈವಮ್ಮ!”

ಬೀರಪ್ಪನ ಕೂಗಿಗೆ ಪಂಪಿನ ಮನೆಯ ಮೇಲಿದ್ದ ಪಾರಿವಾಳಗಳೂ ಎದ್ದು ಹಾರಿದವು. ಚಪ್ಪರದಡಿ ಎಲೆ ಎಣಿಸುತ್ತ ಕೂತಿದ್ದ ತೀರ್ಥಮ್ಮ ಕೈಯಲ್ಲಿದ್ದ ಕಟ್ಟನ್ನು ಹಾಗೇ ಬಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ ಓಡಿಬಂದರು. ಗಂಡ ತೀರಿಕೊಂಡ ಮೇಲೆ ಹನ್ನೆರಡು ವರ್ಷದಿಂದ ಹಿರೇನಲ್ಲೂರಿನ ಈ ವೀಳ್ಯದೆಲೆ ತೋಟವನ್ನು ಒಬ್ಬರೇ ನಡೆಸಿದವರು ಅವರು. ಬಳ್ಳಿಗೆ ರೋಗ ಬಿದ್ದಾಗಲೂ ಹೀಗೆ ಓಡಿದವರಲ್ಲ. ಅವರ ಹಿಂದೆ ಮೈದುನ ಶಿವಮೂರ್ತಪ್ಪ ಏದುಸಿರು ಬಿಡುತ್ತ ಬಂದ.

ಸಾಲಿನ ನಡುವೆ ಅಳಗಮ್ಮ ನಿಂತಿದ್ದಳು. ಬುಟ್ಟಿಗೆ ಹಗ್ಗ ಕಟ್ಟಿ, ಹಗ್ಗವನ್ನು ತಲೆಗೆ ಕೊಟ್ಟು, ಬುಟ್ಟಿಯನ್ನು ಬೆನ್ನ ಮೇಲೆ ಇಳಿಬಿಟ್ಟಿದ್ದಳು. ಹಾಗೆ ಬುಟ್ಟಿ ಹೊತ್ತವರನ್ನು ಆ ಊರಿನಲ್ಲಿ ಯಾರೂ ಕಂಡಿರಲಿಲ್ಲ. ಬುಟ್ಟಿಯ ತುಂಬ ಬಳ್ಳಿಯ ಎಳೆ ಕುಡಿಗಳು. ಕಳೆದ ಮಳೆಗಾಲದಲ್ಲಿ ನೆಟ್ಟು, ಆಳೆತ್ತರಕ್ಕೆ ಬಂದಿದ್ದ ಎರಡು ಸಾಲು ಬಳ್ಳಿಗಳಲ್ಲಿ ಒಂದಕ್ಕೂ ತುದಿ ಉಳಿದಿರಲಿಲ್ಲ. ಕೀಳಬೇಕಾಗಿದ್ದ ಬಲಿತ ಎಲೆಗಳು ಮಾತ್ರ ಒಂದೂ ಬಿಡದೆ ಹಾಗೇ ಇದ್ದವು. ಮೊದಲ ದಿನವೇ ಅರ್ಧ ದಿನದಲ್ಲಿ ಬುಟ್ಟಿ ತುಂಬಿಸಿದ್ದಕ್ಕೆ ಯಾರಾದರೂ ಭೇಷ್ ಅನ್ನುತ್ತಾರೆಂದು ಕಾದಿದ್ದವಳ ಮುಖ, ಬಂದವರ ಮುಖ ನೋಡಿ ನಿಧಾನವಾಗಿ ಇಳಿಯಿತು.

“ಒಳ್ಳೆ ಎಲೆ ನೋಡಿ ಕೀಳವ್ವ ಅಂತ ಹೇಳಿ ನೀರು ತಿರುಗ್ಸಕ್ಕೆ ಹೋದೆ ಕಣ್ರಮ್ಮ. ಬರೋ ಹೊತ್ಗೆ ಹಿಂಗೆ!” ಬೀರಪ್ಪ ತಲೆಯ ಮೇಲೆ ಕೈ ಹೊತ್ತು ಬದುವಿನ ಮೇಲೆ ಕುಕ್ಕರಿಸಿದ. “ಕುಡಿ ಹೋದ್ಮೇಲೆ ಬಳ್ಳಿ ಎಲ್ಲಿಂದ ಬೆಳೀತದೆ?”

ಅಳಗಮ್ಮನ ದೃಷ್ಟಿಯಲ್ಲಿ ಅವಳು ತಪ್ಪು ಮಾಡಿರಲಿಲ್ಲ. ಎಂಟನೇ ವಯಸ್ಸಿನಿಂದ ಲಂಕೆಯ ಬೆಟ್ಟಗಳಲ್ಲಿ ಚಹಾ ಎಲೆ ಕಿತ್ತವಳು. ಅಲ್ಲಿ ಒಳ್ಳೆಯ ಎಲೆ ಎಂದರೆ ಕುಡಿ ಮತ್ತು ಅದಕ್ಕಂಟಿದ ಎರಡು ಎಳೆ ಎಲೆ, ಅಷ್ಟೇ. ಬಲಿತದ್ದು ಕಸ.

“ಬಲಿತದ್ದು ಒಂದು ಬಂದ್ರೂ ಕಂಗಾಣಿ ಬುಟ್ಟಿ ಎಲ್ಲಾ ನೆಲಕ್ಕೆ ಸುರಿದು ಬಿಡ್ತಾನೆ, ಅಮ್ಮ,” ಎಂದಳು, ತನಗೆ ಬರುವಷ್ಟು ಕನ್ನಡದಲ್ಲಿ. “ಅದಕ್ಕೇ ನಾನು ನೋಡಿ ನೋಡಿ ಕಿತ್ತೆ.” ಕಂಗಾಣಿ ಅಂದರೆ ಅಲ್ಲಿನ ಮೇಸ್ತ್ರಿ ಎಂದು ಶಿವಮೂರ್ತಪ್ಪ ಮೆಲ್ಲಗೆ ಅತ್ತಿಗೆಗೆ ಹೇಳಿದ.

ಶಿವಮೂರ್ತಪ್ಪ ಕಡೂರಿನ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತ. ಲಂಕೆಯಿಂದ ಬಂದ ಆರು ಕುಟುಂಬಗಳಿಗೆ ದುಡಿಮೆ ಹುಡುಕಿಕೊಡುವ ಕೆಲಸ ಮೂರು ವರ್ಷದ ಹಿಂದೆ, ಎಪ್ಪತ್ತಾರರಲ್ಲಿ, ಅವನ ಕೊರಳಿಗೆ ಬಿದ್ದಿತ್ತು. ಗಿರಿಯ ಮೇಲಿನ ಕಾಫಿ ತೋಟಕ್ಕೆಂದು ಅವರನ್ನು ಕರೆತಂದಿದ್ದರು. ಒಂದೇ ವರ್ಷಕ್ಕೆ ತೋಟ ಕೈ ಬದಲಾಗಿ, ಹೊಸ ಧಣಿಗಳು ನಮಗೆ ಬೇಡ ಎಂದರು. ಲಂಕೆಯಲ್ಲೇ ಹುಟ್ಟಿ ಬೆಳೆದವರನ್ನು ನೀವು ಇಂಡಿಯಾದವರು ಎಂದು ಅಲ್ಲಿಯವರು ಹಡಗು ಹತ್ತಿಸಿದ್ದರು. ಇಲ್ಲಿ ಇಳಿದರೆ ಎಲ್ಲರ ಬಾಯಲ್ಲೂ ಲಂಕೆಯವರು ಎಂಬ ಹೆಸರೇ. ಪಾಪ, ಅವರು ಯಾವೂರಿನವರು ಎಂದು ಅವರಿಗೂ ಯಾರೂ ಹೇಳಿರಲಿಲ್ಲ.

ಸರ್ಕಾರ ಏನೂ ಕೊಡಲಿಲ್ಲ ಎನ್ನುವಂತಿರಲಿಲ್ಲ. ಸೂಜಿಗೆ ದಾರ ಪೋಣಿಸಿ ಗೊತ್ತಿಲ್ಲದ ಅಳಗಮ್ಮನಿಗೆ ಹೊಲಿಗೆ ಮಿಷನ್ನು ಕೊಟ್ಟಿತ್ತು. ಮಿಷನ್ನಿನ ಮೇಲೆ ಅವಳು ನೀರಿನ ಕೊಡ ಇಡುತ್ತಿದ್ದಳು. ಶಿವಮೂರ್ತಪ್ಪ ಅವಳನ್ನು ಅಜ್ಜಂಪುರದ ಕಡೆ ಹತ್ತಿ ಬಿಡಿಸಲು ಕಳಿಸಿದ. ಹತ್ತಿ ಮುಗಿಯಿತು, ಕೆಲಸವೂ ಮುಗಿಯಿತು. ತರೀಕೆರೆಯ ಅಕ್ಕಿ ಗಿರಣಿಯೊಂದಕ್ಕೆ ಸೇರಿಸಿದ; ಅಲ್ಲಿ ಧೂಳಿಗೆ ಕೆಮ್ಮು ಹಿಡಿಯಿತು. ಬೀರೂರಿನಲ್ಲಿ ಮೂಟೆ ಹೊರುತ್ತಿದ್ದ ಅವಳ ಗಂಡ ಮುತ್ತಯ್ಯ ಸೊಂಟ ಉಳುಕಿಸಿಕೊಂಡು ಮಲಗಿಬಿಟ್ಟ. ಅವರಿದ್ದ ಹಳೇ ಗೋಡೌನನ್ನು ಯುಗಾದಿಗೆ ಖಾಲಿ ಮಾಡಬೇಕೆಂದು ಅದರ ಮಾಲೀಕ ಹೇಳಿದ್ದ. ಎಲ್ಲ ಬಾಗಿಲೂ ತಟ್ಟಿದ ಮೇಲೆ ಶಿವಮೂರ್ತಪ್ಪ ಅತ್ತಿಗೆಯ ಬಾಗಿಲಿಗೆ ಬಂದಿದ್ದ. “ಎಲೆ ಕೀಳೋದೇ ಇವಳ ಕಸುಬು, ಅತ್ತಿಗೆ. ಚಹಾ ಆದ್ರೇನು, ವೀಳ್ಯ ಆದ್ರೇನು?” ಎಂದಿದ್ದ. ಗುಮಾಸ್ತನಿಗೆ ಎರಡೂ ಹಸಿರೇ.

“ಇವತ್ತಿನ ಕೂಲಿ ಕೊಟ್ಟು ಕಳಿಸ್ಬಿಡಿ, ಅಮ್ಮಾರೆ,” ಎಂದ ಬೀರಪ್ಪ.

ತೀರ್ಥಮ್ಮ ಕೆಟ್ಟ ಸಾಲಿನ ಉದ್ದಕ್ಕೂ ಒಮ್ಮೆ ನಡೆದು ಬಂದರು. ಬಳ್ಳಿಗೆ ಆಸರೆಯಾಗಿದ್ದ ಅಗಸೆ ಮರಗಳನ್ನು ಒಂದೊಂದಾಗಿ ನೋಡಿದರು. ಅಷ್ಟು ಬಿರುಸಿನಲ್ಲಿ ಕಿತ್ತಿದ್ದರೂ ಒಂದು ಬಳ್ಳಿಯೂ ಮರದಿಂದ ಕಳಚಿರಲಿಲ್ಲ, ಒಂದು ಎಲೆಯೂ ಹರಿದಿರಲಿಲ್ಲ. ಹೊಸದಾಗಿ ಕೆಲಸಕ್ಕೆ ಬಂದವರು ಮೊದಲ ವಾರ ಬಳ್ಳಿಯನ್ನೇ ಜಗ್ಗಿ ಬೀಳಿಸುವುದನ್ನು ಅವರು ಬೇಕಾದಷ್ಟು ನೋಡಿದ್ದರು.

“ಕೆಡಿಸಿದವಳು ನೀನೇ, ಈ ಎರಡು ಸಾಲು ನೋಡ್ಕೊಳ್ಳೋಳೂ ನೀನೇ,” ಎಂದರು ಅಳಗಮ್ಮನಿಗೆ. “ನಾಳೆ ಹೊತ್ತಿಗೆ ಮುಂಚೆ ಬಾ. ದಿನಗೂಲಿ.”

“ಅತ್ತಿಗೆ, ಪಂಪಿನ ಮನೆ ಪಕ್ಕದ ಆ ಎರಡು ಅಂಕಣದ ಮನೆ...” ಎಂದು ಶಿವಮೂರ್ತಪ್ಪ ರಾಗ ಎಳೆದ.

“ಅದು ವೀಳ್ಯ ಇಸ್ಕೊಂಡವರಿಗೆ ಕಣೋ. ಅದು ನನ್ನ ಕೈಲಿಲ್ಲ, ನಿನಗೂ ಗೊತ್ತು.”

ಅದು ಆ ತೋಟದ ಹಳೆಯ ಕಟ್ಟಳೆ. ಯುಗಾದಿಯ ಬೆಳಿಗ್ಗೆ ಯಾರ ಕೈಗೆ ಎರಡೆಲೆ, ಒಂದು ಅಡಿಕೆ ಬೀಳುತ್ತದೋ ಅವರಿಗೆ ವರ್ಷವಿಡೀ ಕೆಲಸ, ಇರಲು ಮನೆ. ಮಳೆ ಬಂದರೂ ಕಾಯಿಲೆ ಬಿದ್ದರೂ ಬಿಡಿಸುವಂತಿಲ್ಲ. ಉಳಿದವರು ದಿನಗೂಲಿ, ಇವತ್ತು ಉಂಟು ನಾಳೆ ಇಲ್ಲ. ಆ ವೀಳ್ಯವನ್ನು ಕೊಡುವವರು ತೋಟದ ಒಡೆಯರಲ್ಲ, ಹಿರಿಯ ಕೊಯ್ಲುಗಾರ. ಪಕ್ಕದಲ್ಲಿ ನಿಂತು ಕೀಳುವವನಿಗಲ್ಲವೇ ಜೊತೆಗಾರರ ಯೋಗ್ಯತೆ ಗೊತ್ತಾಗುವುದು ಎಂದು ತೀರ್ಥಮ್ಮನ ಮಾವನವರು ಹಾಕಿಕೊಟ್ಟ ನಿಯಮ ಅದು. ಬೀರಪ್ಪ ಮೂವತ್ತು ವರ್ಷದಿಂದ ಹಿರಿಯ ಕೊಯ್ಲುಗಾರ.

“ನನ್ನ ಕೈಯಿಂದಂತೂ ಆಗಕಿಲ್ಲ,” ಎಂದು ಅವನು ಅಲ್ಲೇ ಹೇಳಿಬಿಟ್ಟ. ಯುಗಾದಿಗೆ ಎರಡೂವರೆ ತಿಂಗಳಿತ್ತು.

ಮರುದಿನದಿಂದ ಅಳಗಮ್ಮ ಎಲ್ಲರಿಗಿಂತ ಮೊದಲು ಬಂದಳು. ಗೋಡೌನಿನಿಂದ ತೋಟಕ್ಕೆ ಎರಡೂವರೆ ಮೈಲಿ. ಬೀರಪ್ಪ ಅವಳಿಗೆ ಏನನ್ನೂ ಹೇಳಿಕೊಡಲಿಲ್ಲ. ಎಲೆ ಜೋಡಿಸುವ ತಿಮ್ಮಕ್ಕನೇ ಪಾಪವೆಂದು ಒಂದು ಬಲಿತ ಎಲೆಯನ್ನೂ ಒಂದು ಎಳೆಯ ಎಲೆಯನ್ನೂ ಬೆಳಕಿಗೆ ಹಿಡಿದು ತೋರಿಸಿದಳು. “ನರ ನೋಡು, ಹಿಂಗೆ ತುಂಬಿರ್ಬೇಕು. ಮುಟ್ಟಿದ್ರೆ ಚರ್ಮ ಗಟ್ಟಿ ಇರ್ಬೇಕು. ನಿಮ್ಮ ಕಡೆ ಎಲೆ ಕುದಿಸಿ ಕುಡಿಯೋರು, ನಾವು ಜಗಿಯೋರು ಕಣೇ!” ಅಳಗಮ್ಮ ನಕ್ಕಳು. ನಾಲ್ಕು ದಿನಕ್ಕೆ ಅವಳ ಬೆರಳಿಗೆ ಅದು ಗೊತ್ತಾಯಿತು. ಕೆಟ್ಟ ಸಾಲಿನ ಬಳ್ಳಿಗಳು ತಿಂಗಳೊಳಗೆ ಗೆಣ್ಣಿನ ಪಕ್ಕದಲ್ಲಿ ಚಿಗುರಿದವು. ಅವಳು ಒಂದೊಂದು ಚಿಗುರನ್ನೂ ಒಣ ಬಾಳೆಪಟ್ಟೆಯಿಂದ ಮರಕ್ಕೆ ಕಟ್ಟಿದಳು. ತೀರ್ಥಮ್ಮ ನೋಡಿ, “ಬದುಕಿಕೊಳ್ತು,” ಎಂದರು. ಬೀರಪ್ಪ ಕಡೆಗಣ್ಣಲ್ಲೂ ನೋಡಲಿಲ್ಲ.

ನೋಡಿದ್ದರೂ ಅವನಿಗೆ ಸರಿಯಾಗಿ ಕಾಣುತ್ತಿರಲಿಲ್ಲ. ಇದು ಅಳಗಮ್ಮನಿಗೆ ಗೊತ್ತಾದದ್ದು ಅವನ ಸಾಲಿನ ಹಿಂದೆ ಕಸ ಆಯುತ್ತ ಹೋದಾಗ. ಬಲಿತ ಎಲೆಗಳು ಅಲ್ಲಲ್ಲಿ ಹಾಗೇ ಉಳಿದಿದ್ದವು. ಏಣಿಯ ಮೆಟ್ಟಿಲನ್ನು ಅವನು ಕಾಲಿನಿಂದ ತಡವಿ ಹುಡುಕುತ್ತಿದ್ದ. ಎಲೆಯನ್ನು ಮೊದಲು ಸವರಿ, ಆಮೇಲೆ ಕೀಳುತ್ತಿದ್ದ. ಈ ವಿಷಯ ತೀರ್ಥಮ್ಮನ ಕಿವಿಗೆ ಬಿದ್ದರೆ ಅವನ ಜಾಗ ಹೋಗುತ್ತಿತ್ತು, ಆ ಜಾಗ ತನಗೆ ಸಿಗುತ್ತಿತ್ತೇನೋ ಎಂಬ ಯೋಚನೆ ಅಳಗಮ್ಮನಿಗೆ ಬರದೇ ಇರಲಿಲ್ಲ. ಅವಳೂ ಮನುಷ್ಯಳೇ, ಗೋಡೌನು ಬಿಡಬೇಕಾದ ದಿನ ಹತ್ತಿರ ಬರುತ್ತಿತ್ತು. ಮುತ್ತಯ್ಯನ ಹತ್ತಿರ ಆಡಿಯೂ ನೋಡಿದಳು. ಅವನು ಮಲಗಿದಲ್ಲಿಂದಲೇ, “ಬೇಡ,” ಎಂದ. ಬೇಡವೆಂದು ಅವಳಿಗೂ ಗೊತ್ತಿತ್ತು.

ಮಾರನೆಯ ದಿನದಿಂದ ಅವಳು ಅವನ ಹಿಂದೆ ಹೋಗಿ, ಅವನು ಬಿಟ್ಟ ಎಲೆಗಳನ್ನು ಕಿತ್ತು, ಬದುವಿನ ಮೇಲಿಟ್ಟ ಅವನ ಬುಟ್ಟಿಗೇ ಹಾಕತೊಡಗಿದಳು.

ಯುಗಾದಿಗೆ ಮೂರು ದಿನ ಇರುವಾಗ ಬೀರಪ್ಪ ಚಪ್ಪರದಡಿ ಕೂತು ತನ್ನ ಬುಟ್ಟಿಯನ್ನು ತಾನೇ ಸುರಿದುಕೊಂಡ. ಹಬ್ಬದ ಸಂತೆಗೆ ಎಲೆ ಹೋಗಬೇಕು, ತಿಮ್ಮಕ್ಕನ ಎರಡು ಕೈ ಸಾಲದೆ ಅವನೂ ಜೋಡಿಸಲು ಕೂತಿದ್ದ. ಕೈ ಆಡಿಸುತ್ತಿದ್ದ ಹಾಗೇ ಅವನ ಬೆರಳು ನಿಂತಿತು. ಅವನು ಎಲೆ ಕೀಳುವುದು ಹೆಬ್ಬೆರಳಿಗೆ ಸಿಕ್ಕಿಸಿದ ಕಬ್ಬಿಣದ ಉಗುರಿನಿಂದ. ತೊಟ್ಟು ಓರೆಯಾಗಿ ನುಣ್ಣಗೆ ಕತ್ತರಿಸಿ ಬರುತ್ತದೆ. ಬುಟ್ಟಿಯಲ್ಲಿ ಮೂರಕ್ಕೆ ಒಂದು ಎಲೆಯ ತೊಟ್ಟು ಮಾತ್ರ ಉದ್ದವಾಗಿ, ಚಿವುಟಿದ ಹಾಗೆ ನಾರು ನಾರಾಗಿತ್ತು. ಹಾಗೆ ಬರಿಗೈಯಲ್ಲಿ ಚಿವುಟಿ ಕೀಳುವವರು ಆ ತೋಟದಲ್ಲಿ ಒಬ್ಬರೇ.

ಅವನು ಎದ್ದು ಸಾಲಿನೊಳಕ್ಕೆ ಹೋದ.

“ಏನಮ್ಮಾ, ನನ್ನ ಬುಟ್ಟೀಗೆ ಎಲೆ ಹಾಕ್ತಿದ್ದೀಯಾ? ನಾನೇನು ನಿನ್ನ ಹತ್ರ ಭಿಕ್ಷೆ ಬೇಡಿದ್ನಾ?”

ಅಳಗಮ್ಮ ಬೆನ್ನ ಮೇಲಿನ ಬುಟ್ಟಿ ಇಳಿಸಿದಳು. ಸುಳ್ಳು ಹೇಳಲು ಅವಳಿಗೆ ಕನ್ನಡ ಸಾಲದು, ಮನಸ್ಸೂ ಇರಲಿಲ್ಲ.

“ಭಿಕ್ಷೆ ಅಲ್ಲ, ಅಯ್ಯಾ. ಅಲ್ಲಿ ನಮ್ಮ ತೋಟದಲ್ಲಿ ತೂಕ ಕಮ್ಮಿ ಆದ್ರೆ ಅರ್ಧ ಹೆಸರು ಬರೀತಾರೆ. ಅರ್ಧ ಹೆಸರಿಗೆ ಅರ್ಧ ಕೂಲಿ. ನಮ್ಮಮ್ಮಂಗೆ ವಯಸ್ಸಾಯ್ತು, ಕಣ್ಣು ಕಾಣಲಿಲ್ಲ. ಕಂಗಾಣಿ ಆ ಕಡೆ ತಿರುಗಿದಾಗ ನಾನು ಅವಳ ಬುಟ್ಟಿಗೆ ಹಾಕ್ತಿದ್ದೆ. ಎಲ್ಲರೂ ಅವರವರ ಅಮ್ಮಂಗೆ ಹಾಕ್ತಾರೆ.” ಬುಟ್ಟಿಯ ಹಗ್ಗ ಸುತ್ತುತ್ತ, “ನಿಮ್ಮ ಕೈ ನೋಡಿದ್ರೆ ನಮ್ಮಮ್ಮನ ಕೈ ನೆನಪಾಗುತ್ತೆ,” ಎಂದಳು.

ತನ್ನ ಕಣ್ಣಿನ ವಿಷಯ ಬೀರಪ್ಪ ಹೆಂಡತಿಗೂ ಹೇಳಿರಲಿಲ್ಲ. ಈ ಪರದೇಶಿ ಹೆಂಗಸು ಎಷ್ಟು ದಿನದಿಂದ ಅದನ್ನು ಬಾಯಿ ಬಿಡದೆ ಇಟ್ಟುಕೊಂಡಿದ್ದಾಳೆ ಎಂದು ಲೆಕ್ಕ ಹಾಕಿದ. ನಾಚಿಕೆಯಾಯಿತು, ಸಿಟ್ಟೂ ಬಂತು. ಹೆಗಲ ಮೇಲಿನ ಟವೆಲ್ಲು ಕೊಡವಿಕೊಂಡು ತೋಟದಿಂದ ಹೊರಗೆ ನಡೆದ. ಮರುದಿನ ಕೆಲಸಕ್ಕೆ ಬರಲಿಲ್ಲ. ಅದರ ಮರುದಿನವೂ ಇಲ್ಲ. ಮೂವತ್ತು ವರ್ಷದಲ್ಲಿ ಹೀಗೆ ತಪ್ಪಿಸಿಕೊಂಡವನೇ ಅಲ್ಲ. ಅಳಗಮ್ಮ ಸಂಜೆ ಹೋಗಿ ಗಂಡನಿಗೆ, ಎಲ್ಲ ನಾನೇ ಹಾಳು ಮಾಡಿಕೊಂಡೆ ಎಂದು ಹೇಳಿ ಅತ್ತಳು. ಇದ್ದ ನಾಲ್ಕು ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬಿದಳು.

ಯುಗಾದಿಯ ಬೆಳಿಗ್ಗೆ ಶಿವಮೂರ್ತಪ್ಪನೇ ಗೋಡೌನಿಗೆ ಹೋಗಿ ಅವಳನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಬಂದ. ತೋಟದ ಬಾಗಿಲಿಗೆ ಮಾವಿನ ತೋರಣ ಕಟ್ಟಿತ್ತು. ತೀರ್ಥಮ್ಮ ಎಲ್ಲರಿಗೂ ಬೇವುಬೆಲ್ಲ ಕೊಟ್ಟು ಮುಗಿಸುವಷ್ಟರಲ್ಲಿ ಬೀರಪ್ಪ ಮಡಿ ಪಂಚೆ ಉಟ್ಟು ಬಂದ. ವೀಳ್ಯದ ತಟ್ಟೆಯನ್ನು ಕೈಗೆ ತೆಗೆದುಕೊಂಡವನು ಯಾರಿಗೂ ಕೊಡದೆ ತೀರ್ಥಮ್ಮನ ಕಡೆ ತಿರುಗಿದ.

“ಅಮ್ಮಾರೆ, ಒಂದು ಮಾತು. ನನ್ನ ಕಣ್ಣು ಮಂಜಾಗ್ಯದೆ. ವರ್ಷವಾಯ್ತು. ಹೇಳ್ದೆ ಮುಚ್ಚಿಟ್ಕೊಂಡಿದ್ದೆ, ತಪ್ಪಾಯ್ತು.”

“ಅಯ್ಯೋ ಮಾರಾಯ, ಮೊನ್ನೆ ಅಗಸೆ ಮರಕ್ಕೆ ಡಿಕ್ಕಿ ಹೊಡೆದು ಯಾರೋ ಆಳು ಅಂತ ತಿಳ್ಕೊಂಡು ಬೈದ್ಯಲ್ಲಾ, ಆಗ್ಲೂ ನಂಗೆ ಗೊತ್ತಾಗ್ಲಿಲ್ಲ ಅಂದ್ಕೊಂಡ್ಯಾ?” ಎಂದರು ತೀರ್ಥಮ್ಮ. ತಿಮ್ಮಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. “ನೀನಾಗೇ ಹೇಳ್ಲಿ ಅಂತ ಕಾಯ್ತಿದ್ದೆ. ನಿನ್ನ ಕೈ ಇರೋ ತನಕ ನಿನ್ನ ಜಾಗ ನಿಂದೇ. ಹಬ್ಬ ಕಳೀಲಿ, ಶಿವಮೂರ್ತಿ ಕಣ್ಣಿನ ಡಾಕ್ಟ್ರ ಹತ್ರ ಕರ್ಕೊಂಡು ಹೋಗ್ತಾನೆ. ಈಗ ತಟ್ಟೆ ಹಿಡ್ಕೊಂಡು ಎಷ್ಟೊತ್ತು ನಿಲ್ತೀಯ?”

ಬೀರಪ್ಪ ಮಸುಕಾದ ಮುಖಗಳ ಸಾಲಿನಲ್ಲಿ ಅವಳನ್ನು ಹುಡುಕಿ, ಸಿಗದೆ, “ಎಲ್ಲಿದ್ದೀಯವ್ವಾ ಅಳಗಮ್ಮ?” ಎಂದ. ಮೂರು ವರ್ಷದಿಂದ ಲಂಕೆಯಮ್ಮ ಎಂದೇ ಎಲ್ಲರ ಬಾಯಲ್ಲಿ ಇದ್ದವಳು ತನ್ನ ಹೆಸರು ಕೇಳಿ ಒಂದು ಹೆಜ್ಜೆ ಮುಂದೆ ಬಂದಳು. ಎರಡೂ ಕೈ ಜೋಡಿಸಿ ಚಾಚಿದಳು. ಎರಡೆಲೆ, ಒಂದು ಅಡಿಕೆ ಅದರೊಳಗೆ ಬಿತ್ತು. ಶಿವಮೂರ್ತಪ್ಪ ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿಕೊಂಡ. ಅಂಥ ಸೆಕೆಯೇನೂ ಇರಲಿಲ್ಲ.

ಅವತ್ತೇ ಮಧ್ಯಾಹ್ನ ಮುತ್ತಯ್ಯನನ್ನು ಗಾಡಿಯಲ್ಲಿ ಮಲಗಿಸಿಕೊಂಡು ಬಂದು ಪಂಪಿನ ಮನೆ ಪಕ್ಕದ ಮನೆಗೆ ಸೇರಿಸಿದರು. ಅವನು ಗೋಡೆಗೆ ಒರಗಿ ಕೂತು, ಕೂತಲ್ಲೇ ಬಾಳೆಪಟ್ಟೆ ಸೀಳಿ ಕೊಡುತ್ತೇನೆ, ಅದೂ ಒಂದು ಕೆಲಸವೇ ತಾನೇ ಎಂದು ಕೇಳಿದ. ಉಳಿದ ಐದು ಮನೆಯವರ ಮಾತನ್ನು ಶಿವಮೂರ್ತಪ್ಪ ಅತ್ತಿಗೆಯ ಮುಂದೆ ಎತ್ತಿದ. ಪಕ್ಕದ ತೋಟದವರಿಗೂ ಕೈ ಬೇಕಂತೆ, ಮುಂದಿನ ವಾರ ವಿಚಾರಿಸೋಣ, ಈಗ ಒಬ್ಬಟ್ಟು ತಿನ್ನು ಎಂದು ತೀರ್ಥಮ್ಮ ಅವನ ಬಾಯಿ ಮುಚ್ಚಿಸಿದರು.

ವರ್ಷತೊಡಕು ಕಳೆದ ಮರುದಿನ ಬಿಸಿಲು ಇನ್ನೂ ಮರದ ನೆತ್ತಿಯಲ್ಲೇ ಇತ್ತು. ಒಂದೇ ಸಾಲಿನ ಈ ಪಕ್ಕದಲ್ಲಿ ಬೀರಪ್ಪ, ಆ ಪಕ್ಕದಲ್ಲಿ ಅಳಗಮ್ಮ ಕೀಳುತ್ತ ಬರುತ್ತಿದ್ದರು. ಸಾಲಿನ ಅರ್ಧಕ್ಕೆ ಬಂದಾಗ ಬೀರಪ್ಪ ಒಂದು ಎಲೆಯನ್ನು ಸವರಿದ, ಮತ್ತೆ ಸವರಿದ. ಕಬ್ಬಿಣದ ಉಗುರನ್ನು ತೊಟ್ಟಿಗೆ ಒಯ್ದವನು ಹಾಗೇ ತಡೆದ.

“ಅವ್ವಾ, ಇದು ಬಲಿತದಾ, ಒಸಿ ನೋಡು.”

ಅಳಗಮ್ಮ ಬಳ್ಳಿಯ ಸಂದಿನಿಂದ ಬಾಗಿ, ಎಲೆಯನ್ನು ಕೀಳದೆಯೇ ಬೆರಳ ತುದಿಯಿಂದ ಎತ್ತಿ ಬೆಳಕಿಗೆ ಹಿಡಿದಳು.

“ಇಲ್ಲ ಅಯ್ಯಾ. ಇನ್ನೆರಡು ದಿನ ಬಿಡಿ.”

ಬೀರಪ್ಪ ಕೈ ಹಿಂದಕ್ಕೆ ತೆಗೆದುಕೊಂಡು ಮುಂದಿನ ಬಳ್ಳಿಗೆ ಸರಿದ.